ಸಂಕಟದ ಅಳತೆ: ಕನ್ನಡ ನಾಡಿನಲ್ಲಿ ಆರೋಗ್ಯ ಮನಶ್ಶಾಸ್ತ್ರದ ಮಾಪನವಿಧಾನಗಳ ಚರಿತ್ರೆ

೧. ಪೀಠಿಕೆ

ದೇಹದ ಆರೋಗ್ಯಕ್ಕೂ ಮನಸ್ಸಿನ ಸ್ಥಿತಿಗೂ ಸಂಬಂಧವುಂಟೆಂಬುದು ನಮ್ಮ ಪೂರ್ವಿಕರು ಅರಿಯದ ಸಂಗತಿಯೇನೂ ಅಲ್ಲ. ಚಿಂತೆ ಚಿತೆಗಿಂತ ಹೆಚ್ಚಾಗಿ ಸುಡುವುದೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಎಂದಿನಿಂದಲೋ ನಡೆದುಬಂದಿದೆ. ಆದರೆ ಆ ಸಂಬಂಧವನ್ನು ಪ್ರಶ್ನೆಗಳ ಮೂಲಕ ಶೋಧಿಸಿ, ಎಣಿಸಿ, ಒಂದೂರಿನವರ ಸ್ಥಿತಿಯನ್ನು ಇನ್ನೊಂದೂರಿನವರ ಸ್ಥಿತಿಯೊಡನೆ ಹೋಲಿಸಿ ನೋಡುವ ಶಾಸ್ತ್ರವು ಈಚಿನದು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು ‘ಆರೋಗ್ಯ ಮನಶ್ಶಾಸ್ತ್ರ’ಕ್ಕೆಂದು ಪ್ರತ್ಯೇಕ ಶಾಖೆಯೊಂದನ್ನು ತೆರೆದುದು ೧೯೭೮ರಲ್ಲಿ; ಜೋಸೆಫ್ ಮಾತರಾಜೋ ಅವರು ಅದರ ವ್ಯಾಪ್ತಿಯನ್ನು ನಿರೂಪಿಸಿದುದು ೧೯೮೦ರಲ್ಲಿ. ಹೆಸರು ಹೊಸದಾದರೂ ಕೆಲಸ ಅದಕ್ಕಿಂತ ಹಳೆಯದು. ಆ ಕೆಲಸದ ಕೆಲವು ಮುಖ್ಯ ಘಟ್ಟಗಳು ಕನ್ನಡ ನಾಡಿನಲ್ಲಿಯೇ ನಡೆದಿವೆಯೆಂಬುದನ್ನು ನಮ್ಮ ವಿದ್ಯಾರ್ಥಿಗಳು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ.

ಪ್ರಕೃತ ಲೇಖನದಲ್ಲಿ ನಾವು ವಿವೇಚಿಸಬೇಕೆಂದಿರುವ ಪ್ರಶ್ನೆ ಒಂದೇ. ಬೇರೊಂದು ದೇಶದಲ್ಲಿ, ಬೇರೊಂದು ಭಾಷೆಯಲ್ಲಿ ಸಿದ್ಧವಾದ ಅಳತೆಯಿಂದ ನಮ್ಮ ಜನರ ಸಂಕಟವನ್ನು ಅಳೆಯಬಹುದೇ? ಅಳೆಯಬಹುದಾದರೆ ಆ ಅಳತೆಗೆ ಯಾವ ಸಂಸ್ಕಾರವಾಗಬೇಕು? ಈ ಪ್ರಶ್ನೆ ಬರಿಯ ಪಂಡಿತರ ಚರ್ಚೆಗೆ ಸೇರಿದುದಲ್ಲ. ತಪ್ಪು ಪ್ರಶ್ನೆಯನ್ನು ಕೇಳಿದರೆ ನೊಂದವನು ನೋವಿಲ್ಲದವರ ಲೆಕ್ಕಕ್ಕೆ ಸೇರುತ್ತಾನೆ. ಲೆಕ್ಕದಲ್ಲಿ ಇಲ್ಲದವನಿಗೆ ಔಷಧವೂ ಇಲ್ಲ, ವೈದ್ಯನೂ ಇಲ್ಲ.

ದೃಷ್ಟಾಂತಕ್ಕಾಗಿ ರಾಯಚೂರು ಸೀಮೆಯ ಗುಂಜಹಳ್ಳಿಯನ್ನು ಮನಸ್ಸಿನಲ್ಲಿ ಇರಿಸಿಕೊಳ್ಳೋಣ. ಸಂಶೋಧಕನೊಬ್ಬನು ಅಚ್ಚಾದ ಪ್ರಶ್ನಾವಳಿಯನ್ನು ಹಿಡಿದು ಅಲ್ಲಿಯ ಕಟ್ಟೆಯ ಮೇಲೆ ಕುಳಿತ ವೃದ್ಧ ರೈತನೊಬ್ಬನನ್ನು, “ಕಳೆದ ಎರಡು ವಾರಗಳಲ್ಲಿ ತಮಗೆ ಖಿನ್ನತೆಯ ಅನುಭವವಾಗಿದೆಯೆ?” ಎಂದು ಕೇಳುತ್ತಾನೆ ಎಂದು ಭಾವಿಸೋಣ. ಆ ವೃದ್ಧನು ಮರ್ಯಾದೆಗಾಗಿ “ಇಲ್ರೀ” ಎನ್ನಬಹುದು. ಅದೇ ವೃದ್ಧನು ತನ್ನ ನೆಂಟನೊಡನೆ, “ಯಾಕೋ ಜೀವಕ್ಕ ಸಮಾಧಾನಿಲ್ಲ, ನಿದ್ದಿ ಹತ್ತವಲ್ದು, ಊಟ ಸೇರವಲ್ದು” ಎಂದು ಅದೇ ದಿನ ಹೇಳಿಕೊಂಡಿರಬಹುದು. ಈ ಎರಡು ಉತ್ತರಗಳ ನಡುವಣ ಅಂತರವೇ ನಮ್ಮ ವಿಚಾರದ ವಸ್ತು. ಈ ಅಂತರವನ್ನು ತುಂಬಲು ನಮ್ಮ ನಾಡಿನಲ್ಲಿ ಹಿಂದಿನವರು ಏನೇನು ಮಾಡಿದರೆಂಬುದನ್ನು ಕಾಲಕ್ರಮದಲ್ಲಿ ನೋಡೋಣ.

೨. ಮೈಸೂರು ಮತ್ತು ಧಾರವಾಡ: ಬುದ್ಧಿಮಾಪನದ ಪಾಠ

ಭಾರತದ ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗಾತ್ಮಕ ಮನಶ್ಶಾಸ್ತ್ರಕ್ಕೆ ಮೊದಲು ಸ್ಥಾನ ದೊರೆತುದು ಕಲ್ಕತ್ತೆಯಲ್ಲಿ. ಅನಂತರ ಬಹು ಬೇಗನೆ ಆ ಸ್ಥಾನ ದೊರೆತುದು ಮೈಸೂರಿನಲ್ಲಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಅಭ್ಯಾಸಮಾಡಿ ಹಿಂದಿರುಗಿದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ೧೯೩೫ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಬಿತ್ತರಿಸಿದವರೂ ಇವರೇ. ಪ್ರಯೋಗಶಾಲೆಯನ್ನು ಸಜ್ಜುಗೊಳಿಸಿ, ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ನಮ್ಮವರಿಗೆ ಒಗ್ಗಿಸುವ ಕಾರ್ಯಕ್ಕೂ ಇವರು ಕೈಯಿಟ್ಟರು.

ಅದೇ ಸುಮಾರಿನಲ್ಲಿ ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಭಾಗದಲ್ಲಿ ಇನ್ನೊಂದು ಮಹತ್ತ್ವದ ಪ್ರಯತ್ನ ನಡೆಯಿತು. ಫ್ರಾನ್ಸಿನ ಬಿನೆ ಮತ್ತು ಸಿಮೋನ್ ೧೯೦೫ರಲ್ಲಿ ರಚಿಸಿದ ಬುದ್ಧಿಮಾಪನವನ್ನು ಅಮೆರಿಕದ ಟರ್ಮನ್ ೧೯೧೬ರಲ್ಲಿ ಪರಿಷ್ಕರಿಸಿದ್ದರಷ್ಟೆ. ವಿ. ವಿ. ಕಾಮತ್ ಅವರು ಅದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪುನಃ ಪರಿಷ್ಕರಿಸಿ, ೧೯೩೪ರಲ್ಲಿ ಬ್ರಿಟನ್ನಿನ ಶಿಕ್ಷಣ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಅದರ ವಿವರವನ್ನು ಪ್ರಕಟಿಸಿದರು. ೧೯೪೦ರಲ್ಲಿ ಇದು ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಗ್ರಂಥವಾಗಿ ಹೊರಬಂದಿತು. ‘ಬಾಂಬೆ-ಕರ್ನಾಟಕ’ ಪರಿಷ್ಕರಣವೆಂದೇ ಇದು ಪ್ರಸಿದ್ಧವಾಗಿದೆ.

ಬುದ್ಧಿಮಾಪನವು ಆರೋಗ್ಯ ಮನಶ್ಶಾಸ್ತ್ರವಲ್ಲ ಎಂಬ ಆಕ್ಷೇಪಣೆ ಇಲ್ಲಿ ಬರಬಹುದು. ನಿಜ. ಆದರೆ ಮುಂದಿನ ಎಲ್ಲ ಮಾಪನಗಳಿಗೂ ಅನ್ವಯಿಸುವ ಮೊದಲ ಪಾಠ ಇಲ್ಲಿಯೇ ದೊರೆಯುತ್ತದೆ. ಟರ್ಮನ್ನರ ಪರೀಕ್ಷೆಯಲ್ಲಿ ಆರು ವರ್ಷದ ಮಗು ಅಮೆರಿಕದ ನಾಲ್ಕು ನಾಣ್ಯಗಳ ಹೆಸರು ಹೇಳಬೇಕಾಗಿತ್ತು. ಧಾರವಾಡದ ಮಗುವಿಗೆ ಆ ನಾಣ್ಯಗಳನ್ನು ತೋರಿಸಿ, ಪ್ರಶ್ನೆಯನ್ನು ಎಷ್ಟೇ ಶುದ್ಧವಾದ ಕನ್ನಡದಲ್ಲಿ ಕೇಳಿದರೂ ನಮಗೆ ತಿಳಿದುಬರುವುದು ಮಗುವಿನ ಬುದ್ಧಿಯಲ್ಲ, ಆ ನಾಣ್ಯವು ಧಾರವಾಡಕ್ಕೆ ಬಂದಿಲ್ಲವೆಂಬ ಸಂಗತಿ ಮಾತ್ರ. ಆದ್ದರಿಂದ ಪ್ರಶ್ನೆಯ ಭಾಷಾಂತರ ಸಾಲದು, ಪ್ರಶ್ನೆಯ ವಸ್ತುವೇ ಬದಲಾಗಬೇಕು. ವಸ್ತು ಬದಲಾದ ಮೇಲೆ ಅದು ಯಾವ ವಯಸ್ಸಿನ ಮಗುವಿಗೆ ತಕ್ಕುದೆಂಬುದನ್ನು ಇಲ್ಲಿನ ಮಕ್ಕಳನ್ನೇ ಪರೀಕ್ಷಿಸಿ ಹೊಸದಾಗಿ ನಿರ್ಣಯಿಸಬೇಕು.

ಹಿಂದೆ ಸೇರಿನ ಪ್ರಮಾಣ ಒಂದೊಂದು ಪ್ರಾಂತದಲ್ಲಿ ಒಂದೊಂದು ಬಗೆಯಾಗಿತ್ತು. ಒಂದು ಸೀಮೆಯ ಸೇರನ್ನು ಹಿಡಿದು ಇನ್ನೊಂದು ಸೀಮೆಯ ಪೇಟೆಗೆ ಹೋದ ವರ್ತಕನು ಪ್ರತಿಸಲವೂ ಒಂದೇ ಸಮನಾಗಿ ಅಳೆಯಬಲ್ಲನು. ಆದರೆ ಪ್ರತಿಸಲವೂ ಒಂದೇ ಸಮನಾಗಿ ತಪ್ಪುವನು. ಮಾಪನಶಾಸ್ತ್ರದಲ್ಲಿ ವಿಶ್ವಾಸಾರ್ಹತೆಗೂ ಸಪ್ರಮಾಣತೆಗೂ ಇರುವ ಭೇದ ಇಷ್ಟೇ. ಇಂದು ಲೆಕ್ಕಯಂತ್ರಗಳ ನೆರವಿನಿಂದ, ೧೯೫೧ರಲ್ಲಿ ಕ್ರೋನ್‌ಬಾಕ್ ಸೂಚಿಸಿದ ಗುಣಾಂಕವನ್ನು ಕ್ಷಣಮಾತ್ರದಲ್ಲಿ ಕಂಡುಹಿಡಿದು, ‘ಮಾಪನವು ವಿಶ್ವಾಸಾರ್ಹವಾಗಿದೆ’ ಎಂದು ಬರೆದು ಮುಗಿಸುವ ಪ್ರಬಂಧಗಳು ಹೇರಳವಾಗಿವೆ. ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿವೆಯೆಂಬುದನ್ನು ಆ ಗುಣಾಂಕ ತಿಳಿಸುತ್ತದೆ. ಅವು ಅಳೆಯಬೇಕಾದುದನ್ನೇ ಅಳೆಯುತ್ತಿವೆಯೆ ಎಂಬುದನ್ನು ತಿಳಿಸುವುದಿಲ್ಲ.

೩. ರಾಮನಗರ: ನುಡಿಗೂ ನಡೆಗೂ ಇರುವ ಅಂತರ

ಪ್ರಶ್ನೆಯು ಅರ್ಥವಾಯಿತು, ಉತ್ತರವೂ ಬಂದಿತು ಎಂದಿಟ್ಟುಕೊಳ್ಳೋಣ. ಆ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಎರಡನೆಯ ಪಾಠವನ್ನು ಕಲಿಸಿದುದು ಹಳೆಯ ಮೈಸೂರು ಸಂಸ್ಥಾನದ ಸೀಮೆ.

೧೯೫೧-೫೨ರಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಗೂಡಿ ಮೈಸೂರು ರಾಜ್ಯದ ಆಯ್ದ ಭಾಗಗಳಲ್ಲಿ ಜನಸಂಖ್ಯೆಯನ್ನು ಕುರಿತ ಕ್ಷೇತ್ರ ಸಮೀಕ್ಷೆಯೊಂದನ್ನು ನಡೆಸಿದುವು. ಅದರ ವರದಿ ೧೯೬೧ರಲ್ಲಿ ಪ್ರಕಟವಾಯಿತು. ಜನನ ಮರಣಗಳ ಲೆಕ್ಕಕ್ಕಷ್ಟೇ ನಿಲ್ಲದೆ, ದಂಪತಿಗಳು ಎಷ್ಟು ಮಕ್ಕಳನ್ನು ಬಯಸುತ್ತಾರೆ, ಮಿತ ಸಂತಾನದ ವಿಷಯದಲ್ಲಿ ಅವರ ಮನೋಭಾವವೇನು ಎಂಬುದನ್ನೂ ಅದು ವಿಚಾರಿಸಿತು. ಜನರ ಮನೋಭಾವವನ್ನು ಇಷ್ಟು ವ್ಯವಸ್ಥಿತವಾಗಿ ಅಳೆಯಲೆತ್ನಿಸಿದ ಸಮೀಕ್ಷೆಗಳು ಆ ಕಾಲದಲ್ಲಿ ಏಷ್ಯಾಖಂಡದಲ್ಲಿಯೇ ವಿರಳ.

ಅದೇ ವರ್ಷಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಭಾರತಕ್ಕೆ ಬಂದರು. ಋತುಕಾಲದ ದಿನಗಳನ್ನು ಲೆಕ್ಕಹಾಕಿ ಸಂಯಮದಿಂದಿರುವ ಕ್ರಮವನ್ನು ದಂಪತಿಗಳಿಗೆ ಕಲಿಸುವ ಪ್ರಯೋಗವು ದೆಹಲಿಯ ಲೋದಿ ಕಾಲನಿಯಲ್ಲಿ ಮತ್ತು ನಮ್ಮ ರಾಮನಗರದಲ್ಲಿ ನಡೆಯಿತು. ಅಕ್ಷರ ಬಾರದ ಸ್ತ್ರೀಯರಿಗೂ ಲೆಕ್ಕ ಸಿಗಲೆಂದು ಬಣ್ಣಬಣ್ಣದ ಮಣಿಗಳ ಸರವನ್ನು ಕೊಡಲಾಯಿತು. ದಿನಕ್ಕೊಂದು ಮಣಿಯನ್ನು ಸರಿಸುತ್ತ ಹೋದರೆ ಯಾವ ದಿನ ಯಾವ ಬಗೆಯದೆಂಬುದು ಬಣ್ಣದಿಂದಲೇ ತಿಳಿಯಬೇಕೆಂಬುದು ಏರ್ಪಾಡು. ಕೇಳಿದಾಗ, ಕಲಿಯಬೇಕೆಂಬ ಇಚ್ಛೆಯನ್ನು ತೋರಿದವರು ಬಹು ಮಂದಿ. ಕಲಿತುದನ್ನು ಕ್ರಮವಾಗಿ ನಡೆಸಿಕೊಂಡು ಬಂದವರು ಅತ್ಯಲ್ಪ.

ಇದನ್ನು ಜನರ ಅಜ್ಞಾನವೆಂದು ತಳ್ಳಿಬಿಡುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಮನೆಬಾಗಿಲಿಗೆ ಬಂದ ಅಧಿಕಾರಿಯು ವಿನಯದಿಂದ ಒಂದು ಮಾತನ್ನು ಕೇಳಿದರೆ ಇಲ್ಲವೆನ್ನದಿರುವುದು ನಮ್ಮ ಹಳ್ಳಿಯ ಶಿಷ್ಟಾಚಾರ. “ಹೌದು” ಎಂಬ ಉತ್ತರವು ಕೆಲವೊಮ್ಮೆ ಪ್ರಶ್ನೆಗೆ ಕೊಟ್ಟ ಉತ್ತರವಲ್ಲ. ಅತಿಥಿಗೆ ಕೊಟ್ಟ ಗೌರವ. ಅದೂ ಅಲ್ಲದೆ ಒಬ್ಬಳ ಇಚ್ಛೆಯು ಕಾರ್ಯಕ್ಕೆ ಬರಬೇಕಾದರೆ ಗಂಡ, ಅತ್ತೆ, ಮನೆಯ ಇಕ್ಕಟ್ಟು, ದುಡಿಮೆಯ ಹೊತ್ತು ಇವೆಲ್ಲ ಅನುಕೂಲಿಸಬೇಕು. ಇವುಗಳಲ್ಲಿ ಒಂದನ್ನೂ ಮನೋಭಾವದ ಪ್ರಶ್ನಾವಳಿ ಅಳೆಯುವುದಿಲ್ಲ. ನುಡಿಯನ್ನು ಅಳೆದಲ್ಲಿ ನಡೆಯನ್ನೂ ಅಳೆಯಬೇಕೆಂಬ ನಿಯಮ ಇಂದು ಆರೋಗ್ಯ ಮನಶ್ಶಾಸ್ತ್ರದ ಪಠ್ಯಗಳಲ್ಲೆಲ್ಲ ಇದೆ. ನಮ್ಮ ವಿದ್ಯಾರ್ಥಿಗಳಿಗೆ ಅದನ್ನು ತಿಳಿಸಲು ರಾಮನಗರದ ಮಣಿಸರಕ್ಕಿಂತ ಉತ್ತಮವಾದ ದೃಷ್ಟಾಂತವಿಲ್ಲ.

೪. ಕೋಟ: ಜನರ ದೂರುಗಳಿಂದ ಹುಟ್ಟಿದ ಪ್ರಶ್ನೆಗಳು

೧೯೫೪ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಮರುವರ್ಷವೇ ಅಲ್ಲಿ ಮನೋವೈದ್ಯರಿಗೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೂ ಶಿಕ್ಷಣವು ಮೊದಲಾಯಿತು. ೧೯೭೪ರಲ್ಲಿ ಈ ಸಂಸ್ಥೆಯೂ ಆಸ್ಪತ್ರೆಯೂ ಒಂದುಗೂಡಿ ಇಂದಿನ ‘ನಿಮ್ಹಾನ್ಸ್’ ಆಯಿತು. ಆಸ್ಪತ್ರೆಗೆ ಬಂದ ರೋಗಿಯನ್ನು ಪರೀಕ್ಷಿಸುವ ಕ್ರಮ ಹೀಗೆ ಬೇರೂರಿತು. ಆದರೆ ಆಸ್ಪತ್ರೆಗೆ ಬಾರದವನ ಸ್ಥಿತಿಯನ್ನು ತಿಳಿಯುವ ಬಗೆಯೆಂತು?

ಊರೂರುಗಳಲ್ಲಿ ನಡೆದ ಮೊದಲ ಸಮೀಕ್ಷೆಗಳ ಫಲಿತಾಂಶ ಗೊಂದಲಕ್ಕೆ ಎಡೆಮಾಡಿತು. ೧೯೬೪ರಲ್ಲಿ ಪ್ರಕಟವಾದ ಪಾಂಡಿಚೇರಿಯ ಸಮೀಕ್ಷೆಯಲ್ಲಿ ಎನ್. ಸಿ. ಸೂರ್ಯ ಮತ್ತು ಅವರ ಸಹೋದ್ಯೋಗಿಗಳು ಸಾವಿರಕ್ಕೆ ೯.೫ ಮಂದಿಯಲ್ಲಿ ಮಾನಸಿಕ ಅಸ್ವಾಸ್ಥ್ಯವನ್ನು ಕಂಡರು. ೧೯೬೭ರ ಲಖನೌ ಸಮೀಕ್ಷೆಯಲ್ಲಿ ಬಿ. ಬಿ. ಸೇಥಿ ಮತ್ತು ಅವರ ಸಂಗಡಿಗರು ಸಾವಿರಕ್ಕೆ ೭೨.೭ ಮಂದಿಯಲ್ಲಿ ಕಂಡರು. ಎರಡೂ ಊರುಗಳ ಜನರ ಮನಸ್ಸಿನಲ್ಲಿ ಏಳೆಂಟು ಪಾಲು ವ್ಯತ್ಯಾಸವಿರುವುದೆಂದು ನಂಬುವುದು ಕಷ್ಟ. ವ್ಯತ್ಯಾಸದ ಬಹುಭಾಗ ಪ್ರಶ್ನೆಗಳಲ್ಲಿಯೂ ಕೇಳಿದ ಕ್ರಮದಲ್ಲಿಯೂ ಇದ್ದಿರಬೇಕು.

ಈ ಕೊರತೆಯನ್ನು ನೀಗಲು ಹೊರಟವರಲ್ಲಿ ಆರ್. ಎಲ್. ಕಪೂರ್, ಮಾಳವಿಕಾ ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸ್ ಪ್ರಮುಖರು. ಕಾರ್‌ಸ್ಟೇರ್ಸ್ ಭಾರತದಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಈ ಮೂವರು ೧೯೭೪ರಲ್ಲಿ ಭಾರತೀಯ ಮನೋರೋಗ ಸಮೀಕ್ಷೆಯ ಪ್ರಶ್ನಾನುಸೂಚಿಯೊಂದನ್ನು ಪ್ರಕಟಿಸಿದರು. ಅದರ ಎರಡು ಗುಣಗಳು ಗಮನಾರ್ಹ. ಒಂದು, ಪಾಶ್ಚಾತ್ಯ ಗ್ರಂಥಗಳಲ್ಲಿರುವ ರೋಗಲಕ್ಷಣಗಳೊಡನೆ ನಮ್ಮ ಜನರು ತಾವಾಗಿ ಹೇಳಿಕೊಳ್ಳುವ ದೂರುಗಳಿಗೂ, ಮೈಮೇಲೆ ಬರುವುದೇ ಮೊದಲಾದ ಅನುಭವಗಳಿಗೂ ಅದರಲ್ಲಿ ಸ್ಥಾನವಿತ್ತು. ಎರಡು, ಅದು ಹಂತಹಂತವಾಗಿ ಸಾಗುವಂಥದು: ಮೊದಲ ಹಂತಗಳನ್ನು ವೈದ್ಯನಲ್ಲದ, ಆದರೆ ತರಬೇತಿ ಪಡೆದ ಕಾರ್ಯಕರ್ತನೇ ನಡೆಸಬಹುದು, ಸಂಶಯವುಂಟಾದಲ್ಲಿ ಮಾತ್ರ ಮನೋವೈದ್ಯನು ಮುಂದುವರಿಸುತ್ತಾನೆ.

ಈ ವಿಧಾನದಿಂದ ದಕ್ಷಿಣ ಕನ್ನಡದ ಕೋಟವನ್ನು ಶೋಧಿಸಲಾಯಿತು. ಶಿವರಾಮ ಕಾರಂತರ ಹುಟ್ಟೂರೆಂದು ಕನ್ನಡಿಗರೆಲ್ಲರಿಗೂ ಪರಿಚಿತವಾದ ಈ ಊರು ಈಗ ಉಡುಪಿ ಜಿಲ್ಲೆಗೆ ಸೇರಿದೆ. ಬ್ರಾಹ್ಮಣ, ಬಂಟ, ಮೊಗವೀರ ಎಂಬ ಮೂರು ಸಮುದಾಯಗಳನ್ನು ಸಂಶೋಧಕರು ಆರಿಸಿಕೊಂಡರು. ಕೊನೆಯ ಎರಡರಲ್ಲಿ ಅಳಿಯಸಂತಾನದ ಕಟ್ಟು ಸಡಿಲಗೊಂಡು ಮಕ್ಕಳ ಸಂತಾನದ ಪದ್ಧತಿ ನೆಲೆಗೊಳ್ಳುತ್ತಿದ್ದ ಕಾಲವದು. ಬದುಕಿನ ಕಟ್ಟಳೆ ಬದಲಾಗುವಾಗ ಮನಸ್ಸಿನ ಮೇಲೆ ಆಗುವ ಪರಿಣಾಮವೇನೆಂಬುದು ಅವರ ಜಿಜ್ಞಾಸೆ. ಲಕ್ಷಣಗಳನ್ನು ಎಣಿಸಿ ಬಿಡದೆ, ಆ ವ್ಯಕ್ತಿ ಮನೆಯಲ್ಲಿಯೂ ದುಡಿಮೆಯಲ್ಲಿಯೂ ತನ್ನ ಪಾಲನ್ನು ಹೇಗೆ ನಿರ್ವಹಿಸುತ್ತಿದ್ದಾನೆಂಬುದನ್ನೂ ಅವರು ಬೇರೆಯಾಗಿ ಅಳೆದರು. ಊರಿನ ವಯಸ್ಕರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಒಂದಾದರೂ ಲಕ್ಷಣವಿದ್ದಿತೆಂದು ಕಂಡುಬಂದಿತು. ೧೯೭೬ರಲ್ಲಿ ಈ ಅಧ್ಯಯನ ಗ್ರಂಥರೂಪದಲ್ಲಿ ಇಂಗ್ಲಿಷಿನಲ್ಲಿ ಹೊರಬಂದಿತು. ಅದೇ ೧೯೭೬ರಲ್ಲಿ ಎಂ. ಶಿವರಾಂ ಅವರ ಮನೋವೈದ್ಯ ವಿಷಯಕ ಕೃತಿಯಾದ ‘ಮನಮಂಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ದೊರೆತುದು ಸ್ಮರಣೀಯವಾಗಿದೆ.

ಕೋಟದ ಸಂಖ್ಯೆಯನ್ನು ಅರ್ಥಮಾಡಿಕೊಳ್ಳುವಲ್ಲಿ ಎಚ್ಚರ ಬೇಕು. ಲಕ್ಷಣವಿರುವುದು ಬೇರೆ, ರೋಗವಿರುವುದು ಬೇರೆ. ೧೯೯೮ರಲ್ಲಿ ನಿಮ್ಹಾನ್ಸಿನ ಎಂ. ವಿ. ರೆಡ್ಡಿ ಮತ್ತು ಸಿ. ಆರ್. ಚಂದ್ರಶೇಖರ್ ಅವರು ೧೩ ಭಾರತೀಯ ಅಧ್ಯಯನಗಳ ೩೩,೫೭೨ ಮಂದಿಯ ವಿವರಗಳನ್ನು ಒಟ್ಟುಗೂಡಿಸಿ ಸಾವಿರಕ್ಕೆ ೫೮.೨ ಎಂಬ ಪ್ರಮಾಣವನ್ನು ಕಂಡುಹಿಡಿದರು. ೨೦೧೫-೧೬ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ಶೇಕಡ ೧೦.೬ ಮಂದಿಗೆ ಆ ವೇಳೆಯಲ್ಲಿ ಯಾವುದಾದರೊಂದು ಮಾನಸಿಕ ಅಸ್ವಾಸ್ಥ್ಯವಿದ್ದಿತೆಂದು ತಿಳಿಸಿತು. ಇವು ಒಂದನ್ನೊಂದು ಸುಳ್ಳುಮಾಡುವ ಸಂಖ್ಯೆಗಳಲ್ಲ. ಬೇರೆಬೇರೆ ಅಳತೆಗಳಿಂದ ಬಂದ ಬೇರೆಬೇರೆ ಉತ್ತರಗಳು. ಅಳತೆಯ ಹೆಸರನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಉಲ್ಲೇಖಿಸುವುದು ಅಪರಾಧಕ್ಕೆ ಸಮಾನವೆಂದು ನಾವು ಭಾವಿಸುತ್ತೇವೆ.

ಆರ್. ಎಲ್. ಕಪೂರರು ೧೯೭೫ರ ಲೇಖನವೊಂದರಲ್ಲಿ ಇನ್ನೊಂದು ಸಂಗತಿಯನ್ನು ನಿರೂಪಿಸಿದರು. ನೊಂದವರು ಆಧುನಿಕ ವೈದ್ಯರ ಬಳಿಗೆ ಮಾತ್ರವಲ್ಲದೆ ನಾಟಿ ವೈದ್ಯರು, ಮಂತ್ರವಾದಿಗಳು ಮತ್ತು ಪಾತ್ರಿಗಳ ಬಳಿಗೂ ಹೋಗುತ್ತಿದ್ದರು. ಒಂದೇ ಕಷ್ಟಕ್ಕೆ ಎರಡು ಮೂರು ಕಡೆ ಹೋಗುವುದರಲ್ಲಿ ಅವರಿಗೆ ವಿರೋಧ ತೋರುತ್ತಿರಲಿಲ್ಲ. ಆದುದರಿಂದ ಆಸ್ಪತ್ರೆಯ ದಫ್ತರಗಳನ್ನು ಮಾತ್ರ ನೋಡಿ ಒಂದು ಊರಿನ ಸಂಕಟವನ್ನು ಅಳೆಯಲಾಗದು.

೫. ಬೆಂಗಳೂರು: ಹೇಳಬಹುದಾದ ನೋವು, ಹೇಳಲಾಗದ ನೋವು

ಪ್ರಶ್ನೆ ಸರಿಯಿದ್ದರೂ ಉತ್ತರಕ್ಕೆ ನಾಚಿಕೆ ಅಡ್ಡಬರಬಹುದು. ಈ ಸೂಕ್ಷ್ಮವನ್ನು ಅಳೆಯುವ ಉಪಾಯವೂ ಭಾರತದಲ್ಲಿಯೇ ರೂಪುಗೊಂಡಿತು. ಮಿಚೆಲ್ ವೈಸ್ ಮತ್ತು ಅವರ ಸಂಗಡಿಗರು ಮುಂಬಯಿಯ ಕುಷ್ಠರೋಗಿಗಳ ನಡುವೆ ಕೆಲಸಮಾಡಿ, ರೋಗಿಯು ತನ್ನ ರೋಗಕ್ಕೆ ತಾನೇ ಕೊಡುವ ಹೆಸರು, ಕಾರಣ ಮತ್ತು ಅರ್ಥಗಳನ್ನು ಕ್ರಮವಾಗಿ ಕೇಳಿ ಬರೆದುಕೊಳ್ಳುವ ಸಂದರ್ಶನ ವಿಧಾನವೊಂದನ್ನು ೧೯೯೨ರಲ್ಲಿ ಪ್ರಕಟಿಸಿದರು. ಅದೇ ವಿಧಾನವನ್ನು ಬಳಸಿ ಆರ್. ರಘುರಾಮ್, ವೈಸ್, ಎಸ್. ಎಂ. ಚನ್ನಬಸವಣ್ಣ ಮೊದಲಾದವರು ಬೆಂಗಳೂರಿನಲ್ಲಿ ೮೦ ಮಂದಿ ರೋಗಿಗಳನ್ನು ಅಧ್ಯಯನಮಾಡಿ ೧೯೯೬ರಲ್ಲಿ ಫಲಿತಾಂಶವನ್ನು ತಿಳಿಸಿದರು.

ಅವರು ಕಂಡುದು ಹೀಗೆ: ಮನಸ್ಸಿನ ಕುಗ್ಗುವಿಕೆಯ ಲಕ್ಷಣಗಳು ಹೆಚ್ಚಿದಷ್ಟೂ ಕಳಂಕದ ಭಾವನೆ ಹೆಚ್ಚುತ್ತಿತ್ತು, ದೇಹದ ದೂರುಗಳು ಹೆಚ್ಚಿದಲ್ಲಿ ಅದು ಕಡಿಮೆಯಾಗುತ್ತಿತ್ತು. ತಲೆನೋವು, ಮೈಕೈನೋವು ಎಲ್ಲರಿಗೂ ಬರುವಂಥವು. ಹೇಳಿಕೊಂಡರೆ ಮಾನಕ್ಕೆ ಕುಂದಿಲ್ಲ. ಮನಸ್ಸು ಕೆಟ್ಟಿದೆಯೆಂದು ಹೇಳಿಕೊಂಡರೆ ಜನ ಏನೆಂದಾರು, ಮನೆಯ ಮದುವೆಗಳಿಗೆ ಏನು ತೊಡಕಾದೀತು ಎಂಬ ಭೀತಿ ಸಹಜ. ಹಾಗಾದರೆ ನಮ್ಮ ಜನರು ಮನಸ್ಸಿನ ದುಃಖವನ್ನು ಅರಿಯದೆ ದೇಹದ ನೋವನ್ನಾಗಿ ಮಾತ್ರ ಅನುಭವಿಸುತ್ತಾರೆಂಬ ಹಳೆಯ ಅಭಿಪ್ರಾಯ ನಿಲ್ಲುವುದಿಲ್ಲ. ಅವರು ಎರಡನ್ನೂ ಬಲ್ಲರು. ಯಾರ ಮುಂದೆ ಯಾವುದನ್ನು ಹೇಳಬೇಕೆಂಬುದನ್ನೂ ಬಲ್ಲರು.

೬. ಬಳ್ಳಾರಿ: ಎಣಿಕೆಯಿಂದ ಆರೈಕೆಗೆ

ಅಳತೆಯು ಅಳತೆಗಾಗಿಯೇ ಅಲ್ಲ. ೧೯೭೫ರಲ್ಲಿ ನಿಮ್ಹಾನ್ಸಿನಲ್ಲಿ ಸಮುದಾಯ ಮನೋವೈದ್ಯ ಘಟಕವು ಮೊದಲಾಗಿ, ಬೆಂಗಳೂರಿನ ಬಳಿಯ ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಸರಳವಾದ ತರಬೇತಿಯ ಕ್ರಮವನ್ನು ಸಿದ್ಧಪಡಿಸಲಾಯಿತು. ೧೯೮೦ರಲ್ಲಿ ಮೋಹನ್ ಐಸಾಕ್ ಮತ್ತು ಆರ್. ಎಲ್. ಕಪೂರರು ಜನಸಮುದಾಯದಲ್ಲಿ ರೋಗಿಗಳನ್ನು ಗುರುತಿಸುವ ಮೂರು ವಿಧಾನಗಳನ್ನು ಅವುಗಳ ವೆಚ್ಚದೊಡನೆ ಹೋಲಿಸಿ ನೋಡಿದರು. ಬಡ ದೇಶದಲ್ಲಿ ವೆಚ್ಚವೂ ಮಾಪನದ ಒಂದು ಗುಣವೇ ಎಂಬುದನ್ನು ಈ ಲೇಖನ ಎತ್ತಿತೋರಿಸಿತು.

೧೯೮೫ರಿಂದ ೧೯೯೦ರ ವರೆಗೆ ಈ ಕ್ರಮವನ್ನು ಇಡಿಯ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಲಾಯಿತು. ಕೆಲವೇ ಅಗತ್ಯ ಔಷಧಗಳು, ತರಬೇತಿ ಹೊಂದಿದ ಸಾಮಾನ್ಯ ವೈದ್ಯರು, ಮನೆಮನೆಗೆ ಹೋಗುವ ಕಾರ್ಯಕರ್ತರು, ಸರಳ ದಾಖಲೆಗಳು ಇವೇ ಅದರ ಸಾಧನಗಳು. ೧೯೯೬ರಲ್ಲಿ ಭಾರತ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದಾಗ ಬಳ್ಳಾರಿಯನ್ನೇ ಮಾದರಿಯಾಗಿ ಇಟ್ಟುಕೊಂಡಿತು. ದೇಶಕ್ಕೆ ಮಾದರಿಯಾದ ಈ ಜಿಲ್ಲೆ ನಮ್ಮ ರಾಯಚೂರಿನ ನೆರೆಯದು, ತುಂಗಭದ್ರೆಯ ಆಚೆ ದಡದ್ದು.

೭. ಎಡೆದೊರೆ ನಾಡಿನ ಸಮಸ್ಯೆ

ಕೃಷ್ಣಾ ತುಂಗಭದ್ರೆಗಳ ನಡುವಣ ಭೂಮಿಯನ್ನು ಶಾಸನಗಳು ‘ಎಡೆದೊರೆ ಎರಡುಸಾಸಿರ’ವೆಂದು ಕರೆದಿವೆ. ಮೇಲೆ ಹೇಳಿದ ಪ್ರಯತ್ನಗಳೆಲ್ಲ ನಡೆದುದು ಹಳೆಯ ಮೈಸೂರು, ಮುಂಬಯಿ ಮತ್ತು ಮದ್ರಾಸು ಪ್ರಾಂತಗಳಿಗೆ ಸೇರಿದ್ದ ಸೀಮೆಗಳಲ್ಲಿ. ಎಡೆದೊರೆ ನಾಡಾದರೋ ೧೯೪೮ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದು, ೧೯೫೬ರಲ್ಲಿ ಮಾತ್ರ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಇಲ್ಲಿ ಆಡಳಿತದ ಭಾಷೆ ಉರ್ದು ಆಗಿತ್ತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಆದ್ದರಿಂದ ಇಲ್ಲಿನ ಕನ್ನಡದಲ್ಲಿ ಆಸ್ಪತ್ರೆಯು ದವಾಖಾನೆ, ದೇಹಸ್ಥಿತಿಯು ತಬೇತು, ಚಿಂತೆಯು ಫಿಕರು. ಪೂರ್ವದ ಹಳ್ಳಿಗಳಲ್ಲಿ ತೆಲುಗು ಬೆರೆತಿದೆ. ಈ ಮಾತಿನಲ್ಲಿ ಸಂಕಟಕ್ಕೆ ಪದಗಳ ಬಡತನವಿಲ್ಲ: ತಲಿ ಗಿಮ್ಮಂತದ, ಎದಿ ಡವಡವ ಅಂತದ, ಮೈಕೈ ಹರೀತಾವ, ಜೀವಕ್ಕ ಸಮಾಧಾನಿಲ್ಲ. ಬಡತನವಿರುವುದು ನಮ್ಮ ಪ್ರಶ್ನಾವಳಿಗಳಲ್ಲಿ.

ಇಷ್ಟೇ ಅಲ್ಲ. ೨೦೧೫-೧೬ರ ರಾಷ್ಟ್ರೀಯ ಸಮೀಕ್ಷೆಯನ್ನು ನಡೆಸಿದ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸೇ ಆದರೂ, ಕೋಲಾರದಲ್ಲಿ ಪೂರ್ವಪರೀಕ್ಷೆ ನಡೆದುದನ್ನು ಬಿಟ್ಟರೆ, ಸಮೀಕ್ಷೆಗೆ ಆಯ್ದ ೧೨ ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲ. ಹೀಗಿರುವಲ್ಲಿ ಗುಂಜಹಳ್ಳಿಯಂಥ ಊರಿನ ಸ್ಥಿತಿಯನ್ನು ಆ ಸಂಖ್ಯೆಗಳಿಂದ ಊಹಿಸುವುದು ಎಷ್ಟು ಉಚಿತವೆಂಬುದನ್ನು ವಾಚಕರೇ ನಿರ್ಣಯಿಸಲಿ.

ಈಗ ನಮ್ಮ ವಿದ್ಯಾರ್ಥಿಗಳು ಬಳಸುವ ಸಾಧನಗಳನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಇಪ್ಪತ್ತು ಪ್ರಶ್ನೆಗಳ ಸ್ವಯಂವರದಿಯ ಪ್ರಶ್ನಾವಳಿ ೧೯೮೦ರ ಸುಮಾರಿಗೆ ಭಾರತ, ಕೊಲಂಬಿಯಾ, ಸುಡಾನ್, ಫಿಲಿಪೀನ್ಸ್ ದೇಶಗಳ ಆರೋಗ್ಯ ಕೇಂದ್ರಗಳ ಅನುಭವದಿಂದ ಬಳಕೆಗೆ ಬಂದಿತು. ತಲೆನೋವು, ಹಸಿವು, ನಿದ್ರೆ, ಕೈನಡುಕ, ಅಜೀರ್ಣ ಇವುಗಳನ್ನು ಕೇಳಿ “ಹೌದು” ಅಥವಾ “ಇಲ್ಲ” ಎಂಬ ಉತ್ತರವನ್ನಷ್ಟೇ ಅದು ಬಯಸುತ್ತದೆ. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಬಹುದು. ಆದರೆ ಎಷ್ಟು “ಹೌದು”ಗಳಾದರೆ ವೈದ್ಯನ ಬಳಿಗೆ ಕಳುಹಿಸಬೇಕೆಂಬ ಗಡಿಯು ದೇಶದಿಂದ ದೇಶಕ್ಕೆ ಭಿನ್ನವಾಗಿರುವುದನ್ನು ಮರೆಯಬಾರದು. ಒಂಬತ್ತು ಪ್ರಶ್ನೆಗಳಿಗೆ ಸೊನ್ನೆಯಿಂದ ಮೂರರ ವರೆಗೆ ಅಂಕವಿತ್ತು ಒಟ್ಟು ೨೭ಕ್ಕೆ ಲೆಕ್ಕಹಾಕುವ ಇನ್ನೊಂದು ಪ್ರಶ್ನಾವಳಿ ಈ ಶತಮಾನದ ಆದಿಯಿಂದ ಎಲ್ಲೆಡೆ ಹಬ್ಬಿದೆ. ಅದು ಕೇಳುವುದು ಎರಡು ವಾರಗಳ ಅವಧಿಯನ್ನು ಕುರಿತು.

ಈ ಸಾಧನಗಳನ್ನು ತ್ಯಜಿಸಬೇಕೆಂದು ನಾವು ಹೇಳುತ್ತಿಲ್ಲ. ಅವುಗಳಿಂದ ದೊರೆಯುವ ಹೋಲಿಕೆಯ ಪ್ರಯೋಜನ ದೊಡ್ಡದು. ಒಂದು ಮಧ್ಯಾಹ್ನ ಕುಳಿತು ಶಬ್ದಕೋಶದ ಸಹಾಯದಿಂದ ಭಾಷಾಂತರಿಸಿ ಮರುದಿನ ಹಳ್ಳಿಗೆ ಕೊಂಡೊಯ್ಯುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಈ ತಪ್ಪನ್ನು ನಾವೂ ಮಾಡಿದ್ದೇವೆ, ನಮ್ಮ ಮಾರ್ಗದರ್ಶನದಲ್ಲಿಯೂ ಅದು ನಡೆದಿದೆ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹಿಂದಿನ ಪ್ರಯತ್ನಗಳಿಂದ ನಾವು ಕಲಿಯಬಹುದಾದ ಕ್ರಮವನ್ನು ಸಂಗ್ರಹವಾಗಿ ಇಲ್ಲಿ ಸೂಚಿಸುತ್ತೇವೆ.

ಮೊದಲನೆಯದಾಗಿ, ಪ್ರಶ್ನಾವಳಿಗೆ ಮುನ್ನ ನುಡಿಗಳ ಸಂಗ್ರಹವಾಗಬೇಕು. ಸಂತೆ, ಬಾವಿಕಟ್ಟೆ, ದವಾಖಾನೆಯ ಜಗಲಿಗಳಲ್ಲಿ ಜನರು ಸಂಕಟವನ್ನು ಹೇಳಿಕೊಳ್ಳುವ ಮಾತುಗಳನ್ನು ಅವರ ಒಪ್ಪಿಗೆಯಿಂದ ಬರೆದುಕೊಳ್ಳಬೇಕು. ಎರಡನೆಯದಾಗಿ, ಕನ್ನಡಕ್ಕೆ ತಂದ ಪ್ರಶ್ನೆಯನ್ನು ಮೂಲವನ್ನು ನೋಡದ ಇನ್ನೊಬ್ಬರಿಂದ ಮತ್ತೆ ಮೂಲಭಾಷೆಗೆ ತರಿಸಿ ಹೋಲಿಸಬೇಕು. ೧೯೭೦ರಲ್ಲಿ ಬ್ರಿಸ್ಲಿನ್ ವಿವರಿಸಿದ ಈ ಕ್ರಮ ಈಗ ಸರ್ವವಿದಿತ. ಆದರೆ ಕನ್ನಡವೆಂದರೆ ಇಲ್ಲಿ ಗುಂಜಹಳ್ಳಿಯ ಕನ್ನಡ, ಪಠ್ಯಪುಸ್ತಕದ್ದಲ್ಲ. ಮೂರನೆಯದಾಗಿ, ಕಾಲವನ್ನೂ ಪ್ರಮಾಣವನ್ನೂ ಜನರ ರೂಢಿಯಲ್ಲಿಯೇ ಕೇಳಬೇಕು. ಎರಡು ವಾರವೆಂಬುದು ಹಳ್ಳಿಯವರಿಗೆ ಎರಡು ಸಂತೆ. “ಕೆಲವೊಮ್ಮೆ”, “ಹಲವು ವೇಳೆ” ಎಂಬ ಭೇದ ತಿಳಿಯದ ವೃದ್ಧರು, ಬೇನೆ ಎಷ್ಟು ಇಳಿದಿದೆಯೆಂದರೆ “ರೂಪಾಯಿಗೆ ಎಂಟಾಣೆ ಆರಾಮಾಗ್ಯದ” ಎಂದು ಕೂಡಲೆ ಹೇಳಬಲ್ಲರು. ಆಣೆಯ ಚಲಾವಣೆಗೆ ಬದಲಾಗಿ ೧೯೫೭ರಲ್ಲಿ ಹೊಸ ಪೈಸೆ ಬಂದರೂ ಹದಿನಾರು ಪಾಲಿನ ಈ ಅಳತೆಗೋಲು ಹಿರಿಯರ ಬಾಯಲ್ಲಿ ಉಳಿದಿದೆ. ಅದನ್ನು ಉಪಯೋಗಿಸದಿರುವುದು ನಮ್ಮ ಅವಿವೇಕ.

ನಾಲ್ಕನೆಯದಾಗಿ, ಸೊಸೆಯನ್ನು ಅತ್ತೆಯ ಮುಂದೆ, ಆಳನ್ನು ಧಣಿಯ ಮುಂದೆ ಪ್ರಶ್ನಿಸಬಾರದು. ಐದನೆಯದಾಗಿ, ಕೆಲವರನ್ನಾದರೂ ಅನುಭವಿ ವೈದ್ಯರಿಂದ ಸಂದರ್ಶಿಸಿ, ಇಲ್ಲಿಗೆ ತಕ್ಕ ಗಡಿಯನ್ನು ಇಲ್ಲಿಯೇ ನಿರ್ಣಯಿಸಬೇಕು. ಆರನೆಯದಾಗಿ, ನೋವನ್ನು ಕಂಡ ಮೇಲೆ ಎಲ್ಲಿಗೆ ಕಳುಹಿಸಬೇಕೆಂಬುದು ಮೊದಲೇ ಗೊತ್ತಾಗಿರಬೇಕು. ದಾರಿಯನ್ನು ತೋರಿಸಲಾಗದವನಿಗೆ ಗಾಯವನ್ನು ಮುಟ್ಟಿ ನೋಡುವ ಅಧಿಕಾರವಿಲ್ಲ.

೮. ಉಪಸಂಹಾರ

ಧಾರವಾಡದಿಂದ ಪ್ರಶ್ನೆಯ ವಸ್ತುವನ್ನು ಬದಲಿಸುವುದನ್ನೂ, ರಾಮನಗರದಿಂದ ನುಡಿಯೊಡನೆ ನಡೆಯನ್ನು ನೋಡುವುದನ್ನೂ, ಕೋಟದಿಂದ ಜನರ ದೂರಿಗೆ ಸ್ಥಾನ ಕೊಡುವುದನ್ನೂ, ಬೆಂಗಳೂರಿನಿಂದ ನಾಚಿಕೆಯನ್ನು ಗಣಿಸುವುದನ್ನೂ, ಬಳ್ಳಾರಿಯಿಂದ ಎಣಿಕೆಯನ್ನು ಆರೈಕೆಗೆ ಸೇರಿಸುವುದನ್ನೂ ನಾವು ಕಲಿಯಬಹುದಾಗಿದೆ. ಇಷ್ಟು ಗುರುಗಳು ನಮ್ಮ ನಾಡಿನಲ್ಲಿಯೇ ಇರುವಾಗ ಸಿದ್ಧ ಪ್ರಶ್ನಾವಳಿಯನ್ನು ಕುರುಡಾಗಿ ಅನುಸರಿಸಲು ನೆಪವಿಲ್ಲ.

ಲೇಖನದ ಆದಿಯಲ್ಲಿ ನಾವು ಕಲ್ಪಿಸಿಕೊಂಡ ವೃದ್ಧನು “ಇಲ್ರೀ” ಎಂದುದು ಸುಳ್ಳಲ್ಲ. ಅವನನ್ನು ಕೇಳಿದ ಮಾತಿಗೆ ಅದೇ ಸರಿಯಾದ ಉತ್ತರ. ಅವನಿಗೆ ತಿಳಿಯುವ ಮಾತಿನಲ್ಲಿ, ಅವನಿಗೆ ಮಾನಭಂಗವಾಗದ ರೀತಿಯಲ್ಲಿ ಕೇಳುವ ಹೊಣೆ ನಮ್ಮದು. ಎಡೆದೊರೆ ನಾಡಿನ ನುಡಿಗಳನ್ನು ಸಂಗ್ರಹಿಸುವ ಕಾರ್ಯಕ್ಕೆ ಆಸಕ್ತ ವಿದ್ಯಾರ್ಥಿಗಳು ಮುಂದೆ ಬರಬೇಕೆಂದೂ, ಇಲ್ಲಿ ಸೂಚಿಸಿದ ಕ್ರಮದಲ್ಲಿ ದೋಷಗಳಿದ್ದರೆ ವಿದ್ವಾಂಸರು ತಿದ್ದಬೇಕೆಂದೂ ಬೇಡಿ ಈ ವಿವೇಚನೆಯನ್ನು ಮುಗಿಸುತ್ತೇವೆ.